ಪೌರುಷವೂ ಪುರುಷಾರ್ಥವೂ

ಹತ್ತನೆಯ ತರಗತಿಯ ಪರೀಕ್ಷೆಯ ಫಲವು ಪ್ರಕಟವಾದ ದಿನ ಪ್ರತಿವರ್ಷವೂ ಊರ ಕಟ್ಟೆಯ ಮೇಲೆ ಕೇಳಿಬರುವ ಮಾತೊಂದುಂಟು: ಹುಡುಗಿಯರು ಮುಂದೆ ಹೋದರು, ಹುಡುಗರು ಹಿಂದೆ ಬಿದ್ದರು. ಈ ಮಾತು ನಿರಾಧಾರವಾದುದಲ್ಲ. 2024ನೆಯ ಇಸವಿಯ ಮೊದಲನೆಯ ಪರೀಕ್ಷೆಯಲ್ಲಿ ಕರ್ನಾಟಕದ ಬಾಲಿಕೆಯರು ನೂರಕ್ಕೆ 81 ಮಂದಿ ತೇರ್ಗಡೆ ಹೊಂದಿದರೆ, ಬಾಲಕರಲ್ಲಿ ತೇರ್ಗಡೆಯಾದವರು ಸುಮಾರು 66 ಮಂದಿ ಮಾತ್ರ. ಇದನ್ನು ಕಂಡ ಕೆಲವರು, ಆಧುನಿಕ ಸಮಾಜದಲ್ಲಿ ಪುರುಷನೇ ಹಿಂದುಳಿಯುತ್ತಿರುವನೆಂದೂ, ಸ್ತ್ರೀಯರಿಗೆ ಕೊಟ್ಟ ಅನುಕೂಲಗಳೇ ಇದಕ್ಕೆ ಕಾರಣವೆಂದೂ ವಾದಿಸುವರು. 2005ರ ಶಾಸನದಿಂದ ಹಿರಿಯರ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಬಂದಿತು. 2010ರಿಂದ ಪಂಚಾಯಿತಿಯ ಅರ್ಧ ಸ್ಥಾನಗಳು ಹೆಂಗಸರಿಗೆ ಮೀಸಲಾದುವು. 2023ರಿಂದ ಸರಕಾರದ ಬಸ್ಸಿನಲ್ಲಿ ಅವರಿಗೆ ದುಡ್ಡೂ ಬೇಡವಾಯಿತು. ಹೀಗಿರಲು ಗಂಡಿನ ಪಾಲಿಗೆ ಉಳಿದುದೇನು ಎಂಬುದು ಅವರ ಪ್ರಶ್ನೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸಿದ ಹೊರತು ಸಿದ್ಧಾಂತಕ್ಕೆ ತೂಕವಿಲ್ಲ. ಆದುದರಿಂದ ಹುಡುಗರ ಸಂಕಟವನ್ನೇ ಮೊದಲು ನೋಡತಕ್ಕದ್ದು. ರಾಯಚೂರು ಸೀಮೆಯ ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರುಗಳ ಕಡೆ ಮಳೆ ಕೈಕೊಟ್ಟ ವರ್ಷ ತೊಗರಿಯೂ ಇಲ್ಲ, ಜೋಳವೂ ಇಲ್ಲ; ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಡೆಗೆ ಗುಳೆ ಹೊರಡುವುವು. ಹದಿನೈದು ವರ್ಷದ ಹುಡುಗನು ಪುಸ್ತಕವನ್ನು ಗೂಡಿನಲ್ಲಿಟ್ಟು ಇಟ್ಟಿಗೆ ಹೊರಲು ಹೋಗುವನು. ಅವನು ಮರಳಿ ಬರುವ ವೇಳೆಗೆ ತರಗತಿಯು ಅವನನ್ನು ಬಿಟ್ಟು ಮುಂದೆ ಸಾಗಿರುವುದು. ಇಪ್ಪತ್ತೈದು ತುಂಬಿದರೂ ನೌಕರಿಯಿಲ್ಲ. ನೌಕರಿಯಿಲ್ಲದವನಿಗೆ ಕನ್ಯೆ ಕೊಡುವವರಿಲ್ಲ. ಗಂಡಸಾಗಿ ಹುಟ್ಟಿ ಏನು ಮಾಡಿದೆ ಎಂಬ ಮಾತನ್ನು ದಿನವೂ ಕೇಳುವವನ ಎದೆ ಒಡೆಯದಿರುವುದೆ? ಅಂತಹವನು ಸೆರೆಯಂಗಡಿಯ ಹಾದಿ ಹಿಡಿದರೆ ಹಳಿಯುವುದು ಸುಲಭ, ಕೈಹಿಡಿದು ಎತ್ತುವುದು ಕಷ್ಟ. ಈ ನೋವನ್ನು ನಕ್ಕು ತಳ್ಳುವವರು ಸ್ತ್ರೀಯರಿಗೆ ಹಿತೈಷಿಗಳೂ ಅಲ್ಲ, ಧರ್ಮವನ್ನು ಬಲ್ಲವರೂ ಅಲ್ಲ.

ಆದರೆ ಹಿಂದೆ ಬಿದ್ದವನು ಯಾರಿಗಿಂತ ಹಿಂದೆ ಬಿದ್ದನು? 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಗಂಡಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 70. ಹೆಂಗಸರಲ್ಲಿ ಆ ಸಂಖ್ಯೆಯು 49ನ್ನೂ ಮುಟ್ಟಿರಲಿಲ್ಲ. ದಿನದ ಹೊತ್ತನ್ನು ಜನರು ಹೇಗೆ ಕಳೆಯುವರೆಂದು 2019ರಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆದಾಗ, ಕೂಲಿಯಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸು ಅದಕ್ಕಾಗಿ ದಿನಕ್ಕೆ 299 ನಿಮಿಷಗಳನ್ನೂ, ಗಂಡಸು 97 ನಿಮಿಷಗಳನ್ನೂ ಸವೆಸುವರೆಂದು ಕಂಡುಬಂದಿತು. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆ ತಪ್ಪಿಸುವವರಲ್ಲಿ ಹುಡುಗಿಯರೂ ಉಂಟು. ಗುಳೆ ಹೋದ ತಾಯಿಯ ಕೂಸನ್ನು ಎತ್ತಿ ಆಡಿಸುವವಳೂ ಅಕ್ಕನೇ. ಶಾಲೆಯಲ್ಲಿ ಹುಡುಗನು ಸೋಲುತ್ತಿರುವುದು ನಿಜ. ಮನೆಯಲ್ಲಿಯೂ ಹೊಲದಲ್ಲಿಯೂ ಹೆಣ್ಣಿಗೆ ಇನ್ನೂ ಸಮಪಾಲು ದೊರೆಯದಿರುವುದೂ ನಿಜ. ಎರಡು ನಿಜಗಳು ಜತೆಯಲ್ಲಿ ನಿಂತ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ತುಂಗಭದ್ರೆಯ ಎಡದಂಡೆಯ ಕಾಲುವೆಯಲ್ಲಿ ಮೇಲಿನವನು ಹೆಚ್ಚು ನೀರು ತಿರುಗಿಸಿಕೊಂಡರೆ ಕೊನೆಯ ಹೊಲದವನ ಪೈರು ಒಣಗುವುದು. ವಿದ್ಯೆಯು ಅಂತಹ ನೀರಲ್ಲ. ತಂಗಿಯು ಓದಿದುದರಿಂದ ಅಣ್ಣನ ಪುಸ್ತಕದ ಹಾಳೆಗಳು ಕಡಿಮೆಯಾಗುವುದಿಲ್ಲ. ನೌಕರಿಯಾದರೋ ಕಾಲುವೆಯ ನೀರೇ ಸರಿ. ಆದರೆ ಆ ಕಾಲುವೆಯ ತೂಬು ಬಹುಕಾಲ ಒಬ್ಬನ ಹೊಲದ ಕಡೆಗೇ ತೆರೆದಿದ್ದಿತೆಂಬುದನ್ನು ಮರೆಯಲಾಗದು.

ಹಾಗಾದರೆ ಕಾರಣವೆಲ್ಲಿ? ಬಡತನವು ಅಣ್ಣತಂಗಿಯರಿಬ್ಬರಿಗೂ ಒಂದೇ. ಭೇದವಿರುವುದು ಬೆಳೆಸುವ ರೀತಿಯಲ್ಲಿ. ಶಾಲೆಯು ಎಂದು ಬೇಕಾದರೂ ತಪ್ಪಿಹೋಗಬಹುದಾದ ಭಾಗ್ಯವೆಂದು ಮಗಳು ಎಳೆತನದಲ್ಲಿಯೇ ಅರಿಯುವಳು. ಆದುದರಿಂದ ಅದನ್ನು ಬಿಗಿಯಾಗಿ ಹಿಡಿಯುವಳು. ಮಗನಿಗೋ, ಹುಟ್ಟಿದುದರಿಂದಲೇ ಅವನು ಮನೆಯ ಒಡೆಯನೆಂದು ಹೇಳಿಕೊಡಲಾಗುವುದು. ಉಂಡ ತಟ್ಟೆಯನ್ನು ಅವನು ತೊಳೆಯಬೇಕಾಗಿಲ್ಲ. ತಪ್ಪಿ ನಡೆದರೂ ಗಂಡುಹುಡುಗನಲ್ಲವೆ ಎಂಬ ಕ್ಷಮೆಯುಂಟು. ದುಡಿಯದೆ ದೊರೆತ ಈ ಒಡೆತನವನ್ನೇ ಲೋಕವು ಪೌರುಷವೆಂದು ಕರೆಯಿತು. ಕಾಲವು ಅದನ್ನು ಕಸಿದುಕೊಂಡಾಗ ಅವನ ಕೈಯಲ್ಲಿ ಬೇರೇನೂ ಉಳಿಯಲಿಲ್ಲ. ಶಾಸ್ತ್ರಕಾರರು ಹೇಳಿದ ಪುರುಷಾರ್ಥವು ಇದಲ್ಲ. ದೇಹವೆಂಬ ಪುರದಲ್ಲಿ ನೆಲೆಸಿದವನೇ ಪುರುಷನೆಂಬುದು ಪ್ರಾಚೀನರ ನಿರ್ವಚನ. ಅಲ್ಲಿ ಗಂಡುಹೆಣ್ಣೆಂಬ ಭೇದಕ್ಕೆ ಎಡೆಯಿಲ್ಲ. ಪೌರುಷಕ್ಕೆ ತನಗಿಂತ ಕೆಳಗೆ ಒಬ್ಬರು ಬೇಕು. ಪುರುಷಾರ್ಥಕ್ಕೆ ತನ್ನ ಪ್ರಯತ್ನವೊಂದೇ ಸಾಕು.

ಈ ಸೀಮೆಯವರಿಗೆ ಇದರ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಲಿಂಗಸುಗೂರು ಬಳಿಯ ಅಮರೇಶ್ವರದವರೆಂಬುದು ಪರಂಪರೆಯ ಮಾತು. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ಆಸೆಯ ಅಕ್ಕಿಯೆಂದು ಲಕ್ಕಮ್ಮನು ತಿಳಿದು, ಹೆಚ್ಚಿನದನ್ನು ತಂದಲ್ಲಿಯೇ ಸುರಿದುಬರುವಂತೆ ಗಂಡನಿಗೆ ಹೇಳಿದಳಂತೆ. ಮಾರಯ್ಯನು ಹೆಂಡತಿಯ ಮಾತಿಗೆ ಕೆರಳಲಿಲ್ಲ, ಸುರಿದು ಬಂದನು. ಆ ದಿನ ಅವನು ಹೆಂಡತಿಗಿಂತ ಹಿಂದೆ ಬಿದ್ದನೆಂದು ಎಂಟುನೂರು ವರ್ಷಗಳಲ್ಲಿ ಯಾರೂ ಹೇಳಿಲ್ಲ. ಅವನು ತನ್ನ ಕಾಯಕಕ್ಕೆ ಮರಳಿದನೆಂದೇ ಜನರು ನೆನೆಯುವರು. ಹೆಂಡತಿಯ ಅರಿವು ಅವನ ಮಾನವನ್ನು ಕಳೆಯಲಿಲ್ಲ, ಉಳಿಸಿತು.

ಆಧುನಿಕ ಸಮಾಜದಲ್ಲಿ ಗಂಡು ಹಿಂದುಳಿದಿರುವನೆ ಎಂದು ಕೇಳಿದರೆ, ತಾನು ಆಗಬಹುದಾಗಿದ್ದುದಕ್ಕಿಂತ ಹಿಂದುಳಿದಿರುವನೆಂಬುದೇ ಸರಿಯಾದ ಉತ್ತರ. ಹುಡುಗಿಯರನ್ನು ತಡೆದು ನಿಲ್ಲಿಸಿದರೆ ಇವನು ಒಂದು ಹೆಜ್ಜೆಯೂ ಮುಂದೆ ಬಂದಂತಾಗದು. ಗುಳೆ ಹೊರಡುವ ತಂದೆಯು ಪರೀಕ್ಷೆ ಮುಗಿಯುವವರೆಗಾದರೂ ಮಗನನ್ನು ಅಜ್ಜಿಯ ಬಳಿ ಊರಲ್ಲಿ ಬಿಟ್ಟುಹೋಗಲಿ. ಮರಳಿ ಬಂದವನಿಗೆ ತಪ್ಪಿದ ಪಾಠವನ್ನು ಶಾಲೆಯು ಬೈಯದೆ ಹೇಳಿಕೊಡಲಿ. ಮನೆಯಲ್ಲಿ ತಾಯಿಯು ಪೊರಕೆಯನ್ನು ಅಣ್ಣನಿಗೊಂದು ದಿನ, ತಂಗಿಗೊಂದು ದಿನ ಕೊಡಲಿ. ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಲು ಕಲಿತ ಹುಡುಗನು, ತಂಗಿಯು ತರಗತಿಗೆ ಮೊದಲನೆಯವಳಾಗಿ ಬಂದ ದಿನ ತಲೆ ತಗ್ಗಿಸದೆ ಊರಿಗೆಲ್ಲ ಸಕ್ಕರೆ ಹಂಚುವನು.