ಕಾಣದ ಭಯ: ನಾಯಿಮರಿ ಮತ್ತು ಸಂಸ್ಕಾರದ ಪ್ರಶ್ನೆ

ಹುಟ್ಟಿದ ಶಿಶು ಯಾರೂ ಕಲಿಸದೆಯೇ ಮೊಲೆಹಾಲಿಗೆ ಬಾಯಿ ಹಾಕುವುದನ್ನೂ, ಲೋಕದ ಪರಿಚಯವಾಗುವ ಮೊದಲೇ ಹರ್ಷ, ಭಯ, ದುಃಖಗಳನ್ನು ತೋರುವುದನ್ನೂ ಗೌತಮನ ನ್ಯಾಯಸೂತ್ರದ 3ನೆಯ ಅಧ್ಯಾಯವು ಆತ್ಮದ ನಿತ್ಯತ್ವಕ್ಕೆ ಆಧಾರವಾಗಿ ಮುಂದಿಡುತ್ತದೆ. ಈ ಜನ್ಮದ ಅನುಭವವಿಲ್ಲದೆ ಬಂದ ಬಯಕೆಗೂ ಅಂಜಿಕೆಗೂ ಹಿಂದಿನ ಜನ್ಮದ ಸಂಸ್ಕಾರವೇ, ಎಂದರೆ ಅನುಭವವು ಆತ್ಮದಲ್ಲಿ ಒತ್ತಿಹೋದ ಅಚ್ಚೇ, ಕಾರಣವಾಗಿರಬೇಕೆಂಬುದು ಅಲ್ಲಿಯ ವಾದ. ಕಮಲ ಅರಳಿ ಮುಚ್ಚಿಕೊಳ್ಳುವಂತೆ, ಕಬ್ಬಿಣ ಸೂಜಿಗಲ್ಲಿನ ಕಡೆಗೆ ಸರಿಯುವಂತೆ ಇದೂ ಸಹಜ ವಿಕಾರವಾಗಿರಬಾರದೇಕೆ ಎಂದು ಪೂರ್ವಪಕ್ಷಿಯು, ಅಂದರೆ ಶಾಸ್ತ್ರವು ಮೊದಲು ಮಾತಿಗೆ ಬಿಡುವ ಎದುರಾಳಿಯು, ಕೇಳುತ್ತಾನೆ. ಕಮಲವೂ ಸುಮ್ಮನೆ ಅರಳುವುದಿಲ್ಲ, ಬಿಸಿಲು, ಚಳಿ, ಮಳೆಗಾಲಗಳೆಂಬ ನಿಮಿತ್ತಗಳು ಅದಕ್ಕೂ ಇವೆ ಎಂದು ಸಿದ್ಧಾಂತಿ, ಅಂದರೆ ಶಾಸ್ತ್ರದ ಪಕ್ಷವನ್ನು ಮಂಡಿಸುವವನು, ಉತ್ತರಿಸುತ್ತಾನೆ. ಈ ಚರ್ಚೆಯಲ್ಲಿ ಶಿಶುವಿನ ಜಾಗದಲ್ಲಿ ನಾಯಿಮರಿಯನ್ನಿಟ್ಟು ನೋಡಿದರೆ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ, ಏಕೆಂದರೆ ಮರಿಯಲ್ಲಿ ಭಯ ಯಾವಾಗ, ಯಾವ ನಿಮಿತ್ತದಿಂದ ಮೂಡುತ್ತದೆಂಬುದನ್ನು ವಾರಗಳ ಲೆಕ್ಕದಲ್ಲಿಯೇ ಹೇಳಬಹುದಾಗಿದೆ.

ಮೊದಲ 2 ವಾರ ಮರಿಗೆ ಕಣ್ಣೂ ಕಿವಿಯೂ ತೆರೆದಿರುವುದಿಲ್ಲ. ಬಿಸುಪು, ವಾಸನೆ ಮತ್ತು ಸ್ಪರ್ಶಗಳಷ್ಟೇ ಅದರ ಜಗತ್ತು, ಮೂತ್ರ ವಿಸರ್ಜನೆಗೂ ತಾಯಿ ನೆಕ್ಕಿ ಪ್ರಚೋದಿಸಬೇಕು. 3ನೆಯ ವಾರದಲ್ಲಿ ಕಣ್ಣು, ಕಿವಿಗಳು ಕೆಲಸಕ್ಕೆ ಬಂದು ಮರಿ ತೂರಾಡುತ್ತ ನಡೆಯಲು ಕಲಿಯುತ್ತದೆ. ಅಲ್ಲಿಂದ ಸುಮಾರು 12 ವಾರದವರೆಗಿನ ಕಾಲವನ್ನು ಸಾಮಾಜೀಕರಣದ ಅವಧಿ ಎನ್ನುತ್ತಾರೆ: ಯಾರು ತನ್ನವರು, ಯಾವ ಸದ್ದು ನಿರುಪದ್ರವಿ, ಎಷ್ಟು ಗಟ್ಟಿಯಾಗಿ ಕಚ್ಚಿದರೆ ಒಡಹುಟ್ಟಿದ ಮರಿ ಕಿರುಚಿ ಆಟ ನಿಲ್ಲಿಸುತ್ತದೆ ಎಂಬುದೆಲ್ಲ ಆಗ ಮನಸ್ಸಿಗೆ ಇಳಿಯುತ್ತದೆ. ಆರಂಭದಲ್ಲಿ ಕುತೂಹಲವೇ ಮುಂದಿರುತ್ತದೆ. ವಾರಗಳು ಕಳೆದಂತೆ ಅಪರಿಚಿತದ ಅಂಜಿಕೆ ಬೆಳೆದು ಕುತೂಹಲವನ್ನು ಹಿಂದಿಕ್ಕುತ್ತದೆ.

ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ನಡೆದು 1961ರಲ್ಲಿ ಪ್ರಕಟವಾದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಅವರ ಪ್ರಯೋಗ ಇದಕ್ಕೆ ಪ್ರಸಿದ್ಧ ಸಾಕ್ಷಿ. ಎತ್ತರದ ಬೇಲಿಯೊಳಗಿನ ಬಯಲಿನಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆಯುತ್ತಿದ್ದ ಮರಿಗಳಲ್ಲಿ ಕೆಲವನ್ನು 2ನೆಯ, ಕೆಲವನ್ನು 3ನೆಯ, 5ನೆಯ, 7ನೆಯ ಅಥವಾ 9ನೆಯ ವಾರದಲ್ಲಿ ಒಂದು ವಾರದ ಮಟ್ಟಿಗೆ ಮನುಷ್ಯರ ಬಳಿ ಇರಿಸಲಾಯಿತು. ಉಳಿದವು 14 ವಾರ ತುಂಬುವವರೆಗೆ ಆ ಒಡನಾಟವನ್ನೇ ಕಾಣಲಿಲ್ಲ, ಮತ್ತು ಕಂಡಾಗ ಬೆದರಿ ದೂರ ಸರಿದವು. ಅದೇ ಸಂಸ್ಥೆಯ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಹೊರತಂದ ಗ್ರಂಥವು ವಂಶಗುಣದ ಪಾಲನ್ನೂ ಮರೆಮಾಚುವುದಿಲ್ಲ. ಬಸೆಂಜಿ ತಳಿಯ ಮರಿಗಳು 5ನೆಯ ವಾರದಲ್ಲಿ ಉಳಿದ ತಳಿಗಳಿಗಿಂತ ಹೆಚ್ಚು ಬೆದರುತ್ತಿದ್ದವು, ಆದರೆ ಕೈಯಾಡಿಸಿ ಬಳಸಿದಂತೆ ಬೇಗನೆ ಪಳಗಿದವು. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯೂ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯೂ ಕನ್ನಡದಲ್ಲಿ ಜೊತೆಜೊತೆಗೇ ಬಾಳಿರುವುದು ಇಂಥ ಅನುಭವದಿಂದಲೇ ಇರಬೇಕು.

ನೈಯಾಯಿಕನ, ಅಂದರೆ ನ್ಯಾಯಸೂತ್ರದ ಪಂಥದವನ, ವಾದ ಇದರಿಂದ ಬಿದ್ದುಹೋಗುವುದಿಲ್ಲ. ಹಳೆಯ ಸಂಸ್ಕಾರ ಎಚ್ಚರಗೊಳ್ಳುವುದಕ್ಕೂ ಉದ್ಬೋಧಕವೊಂದು, ಅಂದರೆ ಅದನ್ನು ತಟ್ಟಿ ಎಬ್ಬಿಸುವ ಸಂಗತಿಯೊಂದು ಬೇಕೆಂದು ಅವನೇ ಒಪ್ಪುತ್ತಾನೆ. 5 ವಾರದ ಮರಿಯ ಮುಂದೆ ಕೈಚಾಚಿ ಕುಳಿತವನು ಅಥವಾ ಅದನ್ನು ಕತ್ತಲ ಗೂಡಿನಲ್ಲಿ ಬಿಟ್ಟು ಹೋದವನು ಅಂಥ ನಿಮಿತ್ತವೇ ಆಗುತ್ತಾನೆ. ಕೆಡುವುದು ಆ ವಾದವನ್ನು ಬಳಸಿಕೊಳ್ಳುವ ಸೋಮಾರಿ ರೂಢಿ ಮಾತ್ರ. ಅಂಜಿ ಕಚ್ಚುವ ನಾಯಿಯನ್ನು ಅದರ ಕರ್ಮವೆಂದು ಬಿಟ್ಟುಬಿಡುವವರು ಕರ್ಮಸಿದ್ಧಾಂತವನ್ನು ಅರ್ಧಕ್ಕೆ ಕತ್ತರಿಸುತ್ತಾರೆ, ಏಕೆಂದರೆ ಆ ಸಿದ್ಧಾಂತದ ಪ್ರಕಾರ ಸಾಕಿದವನು ಮಾಡಿದ್ದೂ, ಮಾಡದೆ ಬಿಟ್ಟದ್ದೂ ಕರ್ಮವೇ. ಪಂಚೇಂದ್ರಿಯಗಳೂ ಮನಸ್ಸೂ ಉಳ್ಳ ತಿರ್ಯಂಚ ಜೀವಿಗಳು, ಅಂದರೆ ಪಶುಪಕ್ಷಿಗಳು, ಧರ್ಮೋಪದೇಶಕ್ಕೆ ಅರ್ಹವೆಂದು ಜೈನದರ್ಶನ ಹೇಳುತ್ತದೆ. 1424ರಲ್ಲಿ ಭಾಸ್ಕರ ಕವಿ ಕನ್ನಡದಲ್ಲಿ ಬರೆದ ಜೀವಂಧರನ ಕಥೆಯಲ್ಲಿ ಸಾಯುತ್ತಿರುವ ನಾಯಿಯ ಕಿವಿಯಲ್ಲಿ ರಾಜಕುಮಾರ ನಮಸ್ಕಾರಮಂತ್ರ ಹೇಳುತ್ತಾನೆ, ಅದು ಯಕ್ಷನಾಗಿ ಹುಟ್ಟುತ್ತದೆ. ಕೊನೆಯ ಗಳಿಗೆಯ ಒಂದು ಮಾತಿಗೆ ಅಷ್ಟು ಬಲವಿದ್ದರೆ, ಕಿವಿ ಈಗಷ್ಟೇ ತೆರೆದ ಮರಿ ಕೇಳುವ ಮೊದಲ ಮಾತುಗಳಿಗೆ ಬಲವಿಲ್ಲವೆನ್ನಲು ಯಾವ ನ್ಯಾಯವೂ ಇಲ್ಲ.

ಆದುದರಿಂದ ಸಾಕುವವನ ಹೊಣೆ ಅನ್ನ ಹಾಕುವುದಕ್ಕೆ ಮುಗಿಯುವುದಿಲ್ಲ. ಕುಕ್ಕರಿನ ಕೂಗು, ಬಿಚ್ಚಿದ ಕೊಡೆ, ಕೋಲೂರಿ ನಡೆವ ಅಜ್ಜ, ಓಡಾಡುವ ಮಕ್ಕಳು, ಜಾರುವ ನೆಲ, ಇವನ್ನೆಲ್ಲ ಮರಿ ತಾನೇ ಮುಂದೆ ಬರುವಷ್ಟು ದೂರದಲ್ಲಿರಿಸಿ ಪರಿಚಯಿಸಬೇಕು. ಹೆದರಿದ ಮರಿಯನ್ನು ಎಳೆದು ತಂದು ನಿಲ್ಲಿಸಿದರೆ ಒತ್ತುವ ಅಚ್ಚು ಭಯದ್ದೇ ಆಗಿರುತ್ತದೆ. ಪಾರ್ವೊ ರೋಗದ ಲಸಿಕೆಗಳು ಮುಗಿಯುವವರೆಗೆ ಹೊರಗೆ ಒಯ್ಯಬಾರದೆಂಬ ಎಚ್ಚರಿಕೆ ನಿಜವಾದದ್ದು, ಆದರೆ ಲಸಿಕೆಗಳ ಸರಣಿ ಮುಗಿಯುವ ಹೊತ್ತಿಗೆ ಈ ಅವಧಿಯೂ ಮುಗಿದಿರುತ್ತದೆಂಬುದು ಅದಕ್ಕಿಂತ ಕಡಿಮೆ ನಿಜವಲ್ಲ. ನೆಲಕ್ಕಿಳಿಸದೆ ತೋಳಿನಲ್ಲಿ ಹೊತ್ತು ಬೀದಿಯನ್ನು ತೋರಿಸುವುದು ಇವೆರಡರ ನಡುವಿನ ದಾರಿ. 8 ವಾರ ತುಂಬದ ಮರಿಯನ್ನು ಮಾರಬಾರದೆಂದು ಭಾರತದ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳು ವಿಧಿಸಿರುವುದರಿಂದ, ಅವಧಿಯ ಹೆಚ್ಚಿನ ಭಾಗ ಕೊಳ್ಳುವವನ ಕೈಗೆ ಬರುವುದೇ ಇಲ್ಲ, ತಾಯಿನಾಯಿಯನ್ನು ಇಟ್ಟುಕೊಂಡವನ ಕೈಯಲ್ಲಿರುತ್ತದೆ. ಪ್ರಶ್ನೆ ಕೇಳಬೇಕಾದದ್ದು ಮೊದಲು ಅವನನ್ನು.

ಈ ತಿಳಿವಳಿಕೆಗೆ ಬೆಲೆ ತೆತ್ತದ್ದೂ ಮರಿಗಳೇ. ಬೇಲಿಯೊಳಗೆ 14 ವಾರ ಉಳಿದ ಆ ಮರಿಗಳು ಹೊತ್ತ ಭಯ ಅವುಗಳ ಯಾವ ತಪ್ಪಿನ ಫಲವೂ ಅಲ್ಲ. ಮಹಾಭಾರತದ ಆದಿಪರ್ವದಲ್ಲಿ ಇದಕ್ಕೆ ಹತ್ತಿರದ ಪ್ರಸಂಗವೊಂದಿದೆ: ಕುರುಕ್ಷೇತ್ರದಲ್ಲಿ ಜನಮೇಜಯನ ಸತ್ರಯಾಗ ನಡೆಯುತ್ತಿದ್ದಾಗ ಅಲ್ಲಿಗೆ ಬಂದ, ಹವಿಸ್ಸನ್ನು ನೆಕ್ಕುವುದಿರಲಿ ನೋಡಿಯೂ ಇರದ ನಾಯಿಮರಿಯನ್ನು ರಾಜನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದರ ತಾಯಿ, ದೇವತೆಗಳ ನಾಯಿಯಾದ ಸರಮೆ, ಯಾಗದ ಸ್ಥಳಕ್ಕೆ ಬಂದು ಕಾರಣ ಕೇಳುತ್ತಾಳೆ ಮತ್ತು ಅದೃಷ್ಟವಾದ, ಅಂದರೆ ಕಾಣದಿರುವ ಭಯ ನಿನ್ನನ್ನು ಮುಟ್ಟಲಿ ಎಂದು ಶಪಿಸುತ್ತಾಳೆ. ಕರ್ಮದ ಕಾಣದ ಬಲವನ್ನು ಹೆಸರಿಸಲು ನೈಯಾಯಿಕರೂ ವೈಶೇಷಿಕರೂ ಬಳಸುವ ಪದವೂ ಇದೇ. ಯಾಗ ಮುಗಿಸಿ ಹಸ್ತಿನಾಪುರಕ್ಕೆ ಮರಳಿದ ರಾಜ ಶಾಪವನ್ನು ಶಮನಗೊಳಿಸಬಲ್ಲ ಪುರೋಹಿತನನ್ನು ಅರಸಿ ಅಲೆದು, ಸೋಮಶ್ರವಸ್ಸನನ್ನು ಕಂಡುಕೊಳ್ಳುತ್ತಾನೆ. ಮರಿ ಮಾಡಿದ ತಪ್ಪೇನೆಂದು ತಾಯಿ ಕೇಳಿದಾಗ ಮಾತ್ರ ಆ ಯಾಗದಲ್ಲಿ ಕುಳಿತವರು ಏನನ್ನೂ ಹೇಳಿರಲಿಲ್ಲ.