ಸತ್ತವರ ಸೊತ್ತಿಗೆ ಒಡೆಯರಾರು?

೧೯೪೪ರ ಏಪ್ರಿಲಿನಿಂದ ಜೂನಿನವರೆಗೆ ಇಂದಿನ ನಾಗಾಲ್ಯಾಂಡಿನ ಕೊಹಿಮಾದಲ್ಲಿ ಬ್ರಿಟಿಷ್-ಭಾರತೀಯ ಸೇನೆಗೂ ಜಪಾನೀಯರಿಗೂ ಘೋರ ಕಾಳಗ ನಡೆಯಿತು. ಆ ಗುಡ್ಡಗಳನ್ನು ಅಗೆದವರಿಗೆ ಇಂದಿಗೂ ತುಕ್ಕು ಹಿಡಿದ ಗುಂಡು, ಶಿರಸ್ತ್ರಾಣಗಳು ಸಿಗುವುದುಂಟು. ಅವನ್ನು ಆಯ್ದು ಕೂಡಿಡುವವರಿದ್ದಾರೆ, ಮಾರುವವರೂ ಇದ್ದಾರೆ.

ಗುಡ್ಡದ ರೈತ ಖಾಲಿ ತೋಟಾಗಳ ಹಿತ್ತಾಳೆಯನ್ನು ಗುಜರಿಗೆ ಹಾಕಿ ಅಕ್ಕಿ ತಂದರೆ ಅವನನ್ನು ದೂರುವ ಅಧಿಕಾರ ನಮಗಿಲ್ಲ. ಯುದ್ಧ ತುಳಿದದ್ದು ಅವನ ಹೊಲವನ್ನೇ. ಆದರೆ ಹೆಸರು ಕೆತ್ತಿದ ಊಟದ ಡಬ್ಬಿಯೊಂದು ಸಿಕ್ಕಿದರೆ? ತೀರಿಹೋದ ನಮ್ಮ ತಂದೆಯ ಕನ್ನಡಕವನ್ನು ಪರರ ಶೋಕೇಸಿನಲ್ಲಿ ಕಂಡರೆ ನಮಗೆ ಹೇಗಾದೀತು?

ಕೊಹಿಮಾದ ಯುದ್ಧಸ್ಮಶಾನದಲ್ಲಿ ಕಾಮನ್‌ವೆಲ್ತ್ ಯೋಧರ ೧,೪೨೦ ಸಮಾಧಿಗಳಿವೆ; ದಹನಸಂಸ್ಕಾರ ಪಡೆದ ೯೧೭ ಹಿಂದೂ, ಸಿಖ್ ಯೋಧರಿಗೂ ಅಲ್ಲಿ ಸ್ಮಾರಕವುಂಟು. ಗುಡ್ಡದ ಮಣ್ಣಿನಲ್ಲೇ ಉಳಿದ ಎಷ್ಟೋ ಜಪಾನೀಯರಿಗೆ ಅಷ್ಟೂ ಇಲ್ಲ. ಅಂಥವನೊಬ್ಬನಿಗೆ ಆ ಡಬ್ಬಿಯೇ ಸಮಾಧಿಯ ಕಲ್ಲು.

ಕೂಡಿಡುವುದು ತಪ್ಪೆಂದು ನಾವು ಹೇಳಲಾರೆವು. ಯಾರದು, ಎಲ್ಲಿ ಸಿಕ್ಕಿತು ಎಂಬ ಗುರುತನ್ನು ಅಳಿಸಿ ಮಾರುವುದು ತಪ್ಪು. ಅದನ್ನು ಬರೆದಿಡೋಣ, ವಾರಸುದಾರರನ್ನು ಹುಡುಕೋಣ, ಸಿಗದಿದ್ದರೆ ಆ ಊರಿನ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸೋಣ. ಡಬ್ಬಿ ಮನೆ ಸೇರುವವರೆಗೆ ನಾವು ಅದರ ಕಾವಲುಗಾರರಷ್ಟೆ.