ಬೆಳ್ಳಿಯ ಲೇಪ

ಬಸವನ ಬಾಗೇವಾಡಿ ಸೀಮೆಯ ಮಸೂತಿಯಲ್ಲಿ ನನಗೆ ಪರಿಚಿತವಾದ ಒಂದು ಮನೆತನವಿದೆ. ಅಣ್ಣತಮ್ಮಂದಿರು ಬೇರೆಯಾಗುವಾಗ, ಅಜ್ಜನ ಕಾಲದ ಒಂದು ಚಹಾದ ಕಿಟಲಿಯನ್ನು ಬೆಳ್ಳಿಯೆಂದೇ ಎಣಿಸಿ ತಮ್ಮನ ಪಾಲಿಗೆ ಹಾಕಿದರು. ಅದಕ್ಕೆ ಸರಿದೂಗಲೆಂದು ಹಿತ್ತಿಲ ತುಂಡು ನೆಲ ಅಣ್ಣನಿಗೆ ಹೋಯಿತು. ಕೆಲವು ವರ್ಷಗಳ ತರುವಾಯ ಪತ್ತಾರನು ಅದನ್ನು ಪರೀಕ್ಷಿಸಿ, ಮೇಲಿನದಷ್ಟೇ ಬೆಳ್ಳಿ ಎಂದನು. ಇಲ್ಲಿ ಸುಳ್ಳಾಡಿದವರು ಯಾರು?

ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, 1840ರಲ್ಲಿ, ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ತಿನಿಂದ ಲೋಹವನ್ನು ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಬೆಳ್ಳಿ ಕರಗಿದ ಸಯನೈಡ್ ದ್ರಾವಣದಲ್ಲಿ ಪಾತ್ರೆಯನ್ನಿಳಿಸಿ ವಿದ್ಯುತ್ ಹರಿಸಿದರೆ, ಅದರ ಮೈಮೇಲೆ ಬೆಳ್ಳಿ ತೆಳ್ಳಗೆ ಕೂರುತ್ತದೆ. ಒಳಗಿನದು ಸಾಮಾನ್ಯವಾಗಿ ತಾಮ್ರ, ನಿಕ್ಕಲ್, ಸತುಗಳ ಮಿಶ್ರಣ. ನಮ್ಮ ಪೇಟೆಗಳ ಜರ್ಮನ್ ಸಿಲ್ವರ್ ಇದೇ. ಹೆಸರಿನಲ್ಲಿ ಬೆಳ್ಳಿಯುಂಟು, ಲೋಹದಲ್ಲಿ ಗುಂಜಿಯಷ್ಟೂ ಇಲ್ಲ.

ಹಾಗೆಂದು ಲೇಪವೆಲ್ಲವೂ ವಂಚನೆಯೆನ್ನಲಾಗದು. ಹುಣಸೆ ಮಜ್ಜಿಗೆಗಳು ತಾಗಿ ಕಿಲುಬು ಹಿಡಿಯದಿರಲೆಂದು ತಾಮ್ರ ಹಿತ್ತಾಳೆಗಳಿಗೆ ನಮ್ಮ ತಾಯಂದಿರು ತವರದ ಕಲಾಯಿ ಹಾಕಿಸುತ್ತಿದ್ದರು. ಅದನ್ನು ಕಂಡು ಇಡೀ ಪಾತ್ರೆಯೇ ತವರದ್ದೆಂದು ಯಾರೂ ಭ್ರಮಿಸಲಿಲ್ಲ. ಬೀದರದ ಬಿದರಿ ಕೆಲಸವನ್ನು ನೋಡಿರಿ: ಸತುವೇ ಹೆಚ್ಚಾದ ಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣು ಬೆರೆತ ದ್ರವದಿಂದ ಉಳಿದ ಮೈಯನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಎಲ್ಲಿದೆ, ಎಲ್ಲಿಲ್ಲ ಎಂಬುದು ಕಣ್ಣಿಗೆ ಹೊಡೆದು ಕಾಣುವುದೇ ಅದರ ಚೆಲುವು.

ನಮ್ಮ ಕಿಟಲಿಯೂ ಮೌನವಾಗಿರಲಿಲ್ಲ. ಅದರ ಅಡಿಯಲ್ಲಿ ಇ.ಪಿ.ಎನ್.ಎಸ್. ಎಂಬ ಅಕ್ಷರಗಳಿವೆ, ನಿಕ್ಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನ ಬೆಳ್ಳಿಲೇಪ ಎಂದು ಅವುಗಳ ತಾತ್ಪರ್ಯ. ಆದರೆ ಆ ಕಾಲದ ಕೆಲವು ತಯಾರಕರು ಒಂದೊಂದು ಅಕ್ಷರವನ್ನೂ ಪುಟ್ಟ ಗುರಾಣಿಯೊಳಗೆ ಸಾಲಾಗಿ ಒತ್ತುತ್ತಿದ್ದರು. ದೂರದಿಂದ ಅದು ಶೇಕಡಾ 92.5ರ ಅಸಲಿ ಬೆಳ್ಳಿಯ ಮುದ್ರೆಗಳಂತೆಯೇ ತೋರುವುದು. ಅಕ್ಷರ ನಿಜ, ಒತ್ತಿದ ರೀತಿ ಸುಳ್ಳು. ಈ ಜಾಣತನವನ್ನು ನೇರ ಸುಳ್ಳಿಗಿಂತ ಹಗುರವೆಂದು ನಾನೆಣಿಸಲಾರೆ.

ಮುಂದೆ ವಿಜಯಪುರದವರೊಬ್ಬರು ಅದನ್ನು ಬೆಳ್ಳಿಯೆಂದೇ ಬಗೆದು ಕೊಳ್ಳಬಂದರು. “ಅಡಿಯಲ್ಲಿ ಬರೆದೇ ಇದೆ, ಓದಿಕೊಳ್ಳಲಿ, ನಾನೇಕೆ ಹೇಳಬೇಕು?” ಎಂದು ತಮ್ಮನು ನನ್ನನ್ನು ಕೇಳಿದನು. ವಾಚಕರೇ, ನೀವೇನು ಹೇಳುತ್ತಿದ್ದಿರೋ ಕಾಣೆ. ಓದಬಲ್ಲವನಿಗೆ ಮಾತ್ರ ಅದು ಬರಹ, ಉಳಿದವರಿಗೆ ಗೀರು. ಅರಿತೂ ಸುಮ್ಮನಿದ್ದರೆ ಆ ತಯಾರಕನ ಜಾಣತನಕ್ಕೆ ನೀನೂ ಪಾಲುದಾರ ಎಂದೆನು. ಅವನು ಮಾರಲಿಲ್ಲ.

ಹಬ್ಬಕ್ಕೆ ಅಣ್ಣನು ಬಂದಾಗ ಅದೇ ಕಿಟಲಿಯಿಂದ ಚಹಾ ಬಗ್ಗಿಸಿಕೊಡುತ್ತಾನೆ. ಅಣ್ಣನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು. ಪಾಲಾಗುವ ಮೊದಲೇ ಆ ಅಕ್ಷರಗಳನ್ನು ಓದಿದ್ದೆಯಾ ಎಂದು ತಮ್ಮನು ಇದುವರೆಗೂ ಕೇಳಿಲ್ಲ.